ಅಪ್ಪಂಗೆ ಓದಿ ಹೇಳು

ಡಬ್ಲಿನ್, ಭಾನುವಾರ

ಅಮ್ಮಾ,

ನಿನ್ನ ಪತ್ರ ಬಂತು. ನಾನು ಚೆನ್ನಾಗಿದೀನಿ, ನೀವೂ ಚೆನ್ನಾಗಿದೀರ ಅನ್ಕೊಂಡಿದೀನಿ. ಅಪ್ಪ ಕಣ್ಣಿನ ಪೊರೆ ಆಪರೇಷನ್ ಮತ್ತೆ ಮುಂದಕ್ಕೆ ಹಾಕಿದಾರೆ, ಪೇಪರ್ ಕೂಡ ರಮ್ಯನೇ ಓದಿ ಹೇಳ್ಬೇಕು ಅಂತ ಬರೆದಿದೀಯಲ್ಲ, ಅಲ್ಲಿಂದ ತಲೇಲಿ ಬೇರೇನೂ ಓಡ್ತಿಲ್ಲ. ಮುಂದಿಂದೆಲ್ಲ ಅವ್ರಿಗೇ, ಜೋರಾಗಿ ಓದು.

ಅಪ್ಪಾ, ಇಲ್ಲಿ ಲೈಬ್ರರೀಲಿ ಕ್ಲೇರ್ ಕೀಗನ್ ಅನ್ನೋರ ಕಥೆಗಳು ಸಿಕ್ಕಿವೆ. ವಿಕ್ಲೋ ಕಡೆ ಹೊಲಮನೇಲಿ ಬೆಳೆದೋರು. ‘ಫಾಸ್ಟರ್’ ಅಂತ ಒಂದು ನೀಳ್ಗತೆ, ತಾಯಿ ಮತ್ತೆ ಬಸುರಿ ಅಂತ ಒಬ್ಬ ಹುಡುಗೀನ ಬೇಸಿಗೇಲಿ ನೆಂಟರ ಮನೇಲಿ ಬಿಟ್ಟು ಹೋಗ್ತಾರೆ, ಆ ಮನೆಯೋರು ಅವ್ಳಿಗೆ ಸ್ನಾನ ಮಾಡಿಸ್ತಾರೆ, ಬಾವಿಗೆ ಕರ್ಕೊಂಡು ಹೋಗ್ತಾರೆ, ಟಪಾಲು ಡಬ್ಬಿ ತನಕ ಓಡಿಸಿ ಎಷ್ಟು ಹೊತ್ತು ಹಿಡೀತು ಅಂತ ನೋಡ್ತಾರೆ. ಅಷ್ಟೇ. ಯಾರೂ ಪ್ರೀತಿ ಅನ್ನೋ ಮಾತೇ ಎತ್ತಲ್ಲ, ಆದ್ರೂ ಓದಿ ಮುಗಿಸಿದಾಗ ನನ್ನ ಗಂಟಲು ಕಟ್ಟಿತ್ತು. ಆ ಮನೇಲಿ ಹಿಂದೆ ಏನಾಗಿತ್ತು ಅಂತ ನಾನು ಹೇಳಲ್ಲ, ನೀವೇ ಓದ್ಬೇಕು.

ಆಮೇಲೆ ಷೇಮಸ್ ಹೀನಿ, 1995ರಲ್ಲಿ ನೊಬೆಲ್ ಬಂದೋರು, 2013ರಲ್ಲಿ ತೀರ್ಕೊಂಡ್ರು. 1966ರ ಮೊದಲ ಸಂಕಲನದ ಮೊದಲ ಕವಿತೇಲೇ ಕಿಟಕಿ ಕೆಳಗೆ ಅಪ್ಪ ಅಗೀತಿದಾರೆ, ಮೇಲೆ ಮಗ ಪೆನ್ನು ಹಿಡ್ಕೊಂಡು ಕೂತಿದಾನೆ. ಓದಿದಾಗೆಲ್ಲ ನಿಮ್ದೇ ನೆನಪು.

ಇನ್ನೊಂದು ಕೇಳಿ, ಇಲ್ಲಿ ರಸ್ತೆ ಬೋರ್ಡಲ್ಲಿ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ನೂಲಾ ನಿ ಗೋನಲ್ ಅಂತ ಕವಯಿತ್ರಿ ಕವಿತೆ ಬರೆಯೋದು ಐರಿಷಲ್ಲೇ. ಕವಿತೆ ಬರೆದ್ರೆ ಹೊಟ್ಟೆ ತುಂಬುತ್ತಾ ಅಂತ ಅಮ್ಮ ಕೇಳ್ತಾಳಲ್ಲ, 2022ರಲ್ಲಿ ಇಲ್ಲಿನ ಸರ್ಕಾರ 2000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡೋ ಸ್ಕೀಮ್ ಶುರು ಮಾಡ್ತು, ಅದ್ರಲ್ಲಿ ಸಾಹಿತಿಗಳೂ ಇದ್ರು!

ಈಗ ಆಪರೇಷನ್ ವಿಷ್ಯ. ಹೆದರೋ ಅಂಥದ್ದು ಏನೂ ಇಲ್ಲಪ್ಪಾ, ಸಾಮಾನ್ಯವಾಗಿ ಕಣ್ಣಿಗೆ ಮಾತ್ರ ಮರಗಟ್ಟೋ ಔಷಧಿ ಹಾಕ್ತಾರೆ, ಅವತ್ತೇ ಮನೆಗೆ ಕಳಿಸ್ತಾರೆ. ಶುಗರ್ ಮಾತ್ರ ಹತೋಟೀಲಿರಲಿ. ದುಡ್ಡು ಕಳಿಸಿದೀನಿ, ನಂಗೇನೂ ಕಷ್ಟ ಆಗಿಲ್ಲ, ನಿಜವಾಗ್ಲೂ ಆಗಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗೇ ಇದೆ, ಚಳಿಯೂ ಅಭ್ಯಾಸ ಆಯ್ತು. ಒಬ್ರೇ ಹೋಗ್ಬೇಡಿ, ರಾಜು ಮಾವನ್ನ ಕರ್ಕೊಂಡು ಹೋಗಿ. ಅಲ್ಲೀವರೆಗೂ ದಿನಾ ರಾತ್ರಿ ಫೋನಲ್ಲಿ ಒಂದೊಂದು ಕಥೆ ನಾನೇ ಓದ್ತೀನಿ, ‘ಫಾಸ್ಟರ್’ ಒಂದನ್ನ ಬಿಟ್ಟು.

ಬಸ್ ಬರೋ ಹೊತ್ತಾಯ್ತು. ಅಮ್ಮಾ, ಡಾಕ್ಟ್ರು ಡೇಟ್ ಕೊಟ್ಟ ತಕ್ಷಣ ಮೆಸೇಜ್ ಹಾಕು, ಮರೀಬೇಡ.

ನಿಮ್ಮ
ಸುಮಾ