ಪುಟ್ಟನ ಒಂಬತ್ತು

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಪೇಪರುಗಳ ಲೆಕ್ಕ ತೋರಿಸುವ ನಿನ್ನ ಗೂಗಲ್ ಸ್ಕಾಲರ್ ಪುಟ, ಅದರಲ್ಲಿ 'ಎಚ್-ಇಂಡೆಕ್ಸ್ 9' ಅನ್ನುವ ಸಾಲಿಗೆ ಕೆಂಪು ಗೆರೆ, ಕೆಳಗೆ ಒಂದೇ ಮಾತು: "ಅವನದು 21, ಅತ್ತೆ." ಅವನು ಯಾರು ಅಂತ ನಾನು ಕೇಳಬೇಕಾಗಿರಲಿಲ್ಲ. ನಿಮ್ಮಿಬ್ಬರ ಪಿಎಚ್‌ಡಿ ಒಂದೇ ವರ್ಷ ಮುಗಿದದ್ದು ನೆನಪಿದೆ. ಫೋನ್ ಮಾಡಿ ಎರಡು ಮಾತು ಸಮಾಧಾನ ಹೇಳಬಹುದಿತ್ತು. ಆದರೆ ಆ ಥರದ ಸಮಾಧಾನ ಫೋನ್ ಇಟ್ಟ ಅರ್ಧ ಗಂಟೆಗೆ ಆರಿಹೋಗುತ್ತದೆ. ಹೇಳಬೇಕಾದದ್ದೂ ಉದ್ದವಿದೆ. ಅದಕ್ಕೇ ಕಾಗದ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಅವನಿರುವುದು ಲಕ್ಷಗಟ್ಟಲೆ ಜನರ ಜೀನೋಮ್ ಒಟ್ಟಿಗೆ ನೋಡುವ ದೊಡ್ಡ ಕನ್ಸಾರ್ಟಿಯಂನಲ್ಲಿ, ಅಂದರೆ ಹಲವು ಲ್ಯಾಬುಗಳ ಕೂಟದಲ್ಲಿ. ಅಲ್ಲಿ ಒಂದು ಪೇಪರಿಗೆ ಇನ್ನೂರು ಮುನ್ನೂರು ಲೇಖಕರು, ಅದಕ್ಕೆ ಬಂದ ಸೈಟೇಷನ್, ಅಂದರೆ ಬೇರೆ ಪೇಪರುಗಳಲ್ಲಿ ಸಿಕ್ಕ ಉಲ್ಲೇಖ, ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಜಮೆ. ನೀನಿರುವುದು ಹಣ್ಣುನೊಣದ ಆಯಸ್ಸು ಎಣಿಸುವ ಕೆಲಸದಲ್ಲಿ. ಒಂದು ಪ್ರಯೋಗ ಮುಗಿಯಬೇಕಾದರೆ ಕೊನೆಯ ನೊಣ ಸಾಯುವವರೆಗೆ ಕಾಯಬೇಕು. 9 ಅಂದರೆ ನಿನ್ನ ಒಂಬತ್ತು ಪೇಪರುಗಳನ್ನು ತಲಾ ಒಂಬತ್ತು ಸಲವಾದರೂ ಯಾರೋ ಉಲ್ಲೇಖಿಸಿದ್ದಾರೆ ಅಂತ, ಅಷ್ಟೇ. 2005ರಲ್ಲಿ ಈ ಲೆಕ್ಕ ಕಟ್ಟಿದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಅವರೇ, ಕ್ಷೇತ್ರದಿಂದ ಕ್ಷೇತ್ರಕ್ಕೆ ಈ ಅಂಕಿ ಬೇರೆಯಾಗುತ್ತದೆ ಅಂತ ಬರೆದಿದ್ದರು. ಇನ್ನೊಂದು ತಮಾಷೆ ನೋಡು, ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತಿಯಾದ ಮೇಲೆ ನಾನು ಒಂದು ಪಿಪೆಟ್ಟೂ ಮುಟ್ಟಿಲ್ಲ, ನನ್ನದು ಎರಡು ಏರಿದೆ.

ಈ ಸೈಟೇಷನ್ ಎಣಿಕೆ ನಮ್ಮ ತಳಿವಿಜ್ಞಾನದ ಅಂಗಳದಲ್ಲೇ ಅಂಬೆಗಾಲಿಟ್ಟಿದ್ದು ಅಂತ ನಿನಗೆ ಗೊತ್ತೋ ಇಲ್ಲವೋ. ಅಮೆರಿಕದ ವಕೀಲರ ಹತ್ತಿರ 'ಶೆಪರ್ಡ್ಸ್ ಸೈಟೇಷನ್ಸ್' ಅಂತ ಒಂದು ಸೂಚಿ ಇತ್ತು. ಒಂದು ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಹಿಡಿದಿದೆ, ಯಾವುದು ತಳ್ಳಿಹಾಕಿದೆ ಅನ್ನುವುದು ಅದರಲ್ಲಿ ಸಿಗುತ್ತಿತ್ತು. ಬಿದ್ದುಹೋದ ತೀರ್ಪನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ವಕೀಲನ ಮಾನ ಹೋಗುತ್ತದಲ್ಲ, ಅದಕ್ಕೆ. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದು, ವಿಜ್ಞಾನಕ್ಕೂ ಇಂಥದ್ದು ಬೇಕು ಎಂದರು. ಅವರು ಅಲ್ಲಿ ಕೊಟ್ಟ ಕಾರಣವನ್ನು ಗಮನವಿಟ್ಟು ಓದಬೇಕು: ಒಂದು ಪೇಪರಿನ ಬಗ್ಗೆ ಮುಂದೆ ಬಂದ ಟೀಕೆ ಓದುಗನಿಗೆ ತಿಳಿದರೆ, ಮೋಸದ, ಅರೆಬರೆ, ಹಳಸಿದ ಮಾಹಿತಿಯನ್ನು ಜನ ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪುತ್ತದೆ ಅಂತ. ನಾಲ್ಕು ವರ್ಷ ಅದು ಹಾಗೇ ಬಿದ್ದಿತ್ತು. 1959ರಲ್ಲಿ ಜೋಶುವಾ ಲೆಡರ್‌ಬರ್ಗ್, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದಿದ್ದ ತಳಿವಿಜ್ಞಾನಿ, ಆ ಯೋಜನೆ ಏನಾಯಿತು ಅಂತ ಕಾಗದ ಬರೆದು ವಿಚಾರಿಸಿದರು, ಬೆನ್ನಿಗೂ ನಿಂತರು. 1963ರಲ್ಲಿ 'ಜೆನೆಟಿಕ್ಸ್ ಸೈಟೇಷನ್ ಇಂಡೆಕ್ಸ್' ಬಂತು. ನಿನ್ನ ಕೆಂಪು ಗೆರೆಯ ಅಜ್ಜ ಅದು.

ನಾನು ಕೆಲಸಕ್ಕೆ ಸೇರಿದಾಗ ಅದರ ದೊಡ್ಡ ತಮ್ಮ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ದಪ್ಪ ದಪ್ಪ ಸಂಪುಟಗಳಾಗಿ ಗ್ರಂಥಾಲಯದ ಕಪಾಟಿನಲ್ಲಿ ಕೂತಿತ್ತು. ಇರುವೆ ಸಾಲಿನಂಥ ಅಕ್ಷರ. ನಮ್ಮ ಹೆಸರಿನ ಕೆಳಗೆ ನಮ್ಮ ಪೇಪರು, ಅದರ ಕೆಳಗೆ ಅದನ್ನು ಉಲ್ಲೇಖಿಸಿದವರ ಹೆಸರು, ಜರ್ನಲ್ಲು, ಪುಟ. ಚೀಟಿಯಲ್ಲಿ ಬರೆದುಕೊಂಡು ಇನ್ನೊಂದು ಕಪಾಟಿಗೆ ಹೋಗಿ, ಆ ಪುಟ ತೆಗೆದು, ಇವರು ನನ್ನ ಬಗ್ಗೆ ಏನು ಬರೆದಿದ್ದಾರಪ್ಪಾ ಅಂತ ಬೆರಳಿಟ್ಟು ಹುಡುಕುತ್ತಿದ್ದೆವು. ಎಷ್ಟು ಸಲ ಅಂತ ಕೂಡಿಸುವ ಮೊದಲೇ ಯಾಕೆ ಅನ್ನುವುದು ಕಣ್ಣಿಗೆ ಬೀಳುತ್ತಿತ್ತು. ಈಗ ಪುಟ ತೆರೆದ ಕೂಡಲೇ ಮೊತ್ತ. ವಾಕ್ಯ ಬೇಕಾದವನು ನಾಲ್ಕು ಸಲ ಒತ್ತಿ ಒಳಗೆ ಹೋಗಬೇಕು. ನೀನು ಕೊನೆಯ ಸಲ ಹೋದದ್ದು ಯಾವಾಗ?

ನನ್ನ ಮೂರು ಪೇಪರಿನ ಕತೆ ಕೇಳು. ಅತಿ ಹೆಚ್ಚು ಉಲ್ಲೇಖ ಸಿಕ್ಕಿರುವುದು ಹಳೆಯ ರಕ್ತದ ಸ್ಯಾಂಪಲ್‌ನಿಂದ ಡಿಎನ್‌ಎ ತೆಗೆಯುವ ವಿಧಾನವನ್ನು ಒಂದಿಷ್ಟು ಸರಳ ಮಾಡಿ ಬರೆದ ಎರಡು ಪುಟಕ್ಕೆ. ಮಾಡಿದವರೆಲ್ಲ ಹೆಸರು ಹಾಕಲೇಬೇಕು, ಹಾಕಿದರು. ಇದು ಲೋಕದ ರೀತಿ. ಇಡೀ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖವಾದ ಪೇಪರ್ ಯಾವುದು ಅಂದುಕೊಂಡಿದ್ದೀಯ? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಲೌರಿ ಅವರ ವಿಧಾನ, 1951ರದು, ಮೂರು ಲಕ್ಷಕ್ಕೂ ಮಿಕ್ಕಿದ ಉಲ್ಲೇಖ. ಎರಡು ವರ್ಷದ ನಂತರ ಬಂದ, ಡಿಎನ್‌ಎಯ ರಚನೆ ತೋರಿಸಿದ ಡಬಲ್ ಹೆಲಿಕ್ಸ್ ಪೇಪರ್ ಅದರ ಹತ್ತಿರವೂ ಇಲ್ಲ. ಎರಡನೆಯದು ನನ್ನ ಮನಸ್ಸಿಗೆ ಹತ್ತಿರವಾದದ್ದು. ಒಂದೇ ಕುಟುಂಬದ ನಾಲ್ಕು ತಲೆಮಾರಿನ ವಂಶಾವಳಿ ಹಿಡಿದು ಆರು ವರ್ಷ ಒದ್ದಾಡಿ ಬರೆದದ್ದು. ಹನ್ನೊಂದು ಉಲ್ಲೇಖ, ಅದರಲ್ಲಿ ಮೂರು ನನ್ನವೇ.

ಮೂರನೆಯದರ ಬಗ್ಗೆ ನಿನಗೆ ಯಾವತ್ತೂ ಹೇಳಿಲ್ಲ.

ಆಗ ಕ್ಯಾಂಡಿಡೇಟ್ ಜೀನ್‌ಗಳ ಕಾಲ. ಕಾಯಿಲೆಗೆ ಸಂಬಂಧ ಇದ್ದೀತು ಅನ್ನಿಸುವ ಒಂದು ಜೀನ್ ಆರಿಸಿಕೊಳ್ಳುವುದು, ಅದರಲ್ಲಿ ಒಂದು ಅಕ್ಷರ ಬೇರೆಯಾದವರು ರೋಗಿಗಳಲ್ಲಿ ಎಷ್ಟು, ಆರೋಗ್ಯವಂತರಲ್ಲಿ ಎಷ್ಟು ಅಂತ ಎಣಿಸುವುದು. ನಾನು ಮುನ್ನೂರು ಚಿಲ್ಲರೆ ಜನರಲ್ಲಿ ಎಣಿಸಿದೆ. ಪಿ ಮೌಲ್ಯ, ಅಂದರೆ ನಿಜಕ್ಕೂ ಏನೂ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.03 ಬಂತು. ಕುಣಿದಾಡಿಬಿಟ್ಟೆ. ಅದಕ್ಕೂ ಮುಂಚೆ ನಾಲ್ಕಾರು ಜೀನ್ ನೋಡಿ ಏನೂ ಸಿಗದೆ ಡ್ರಾಯರಿಗೆ ಹಾಕಿದ್ದು ಆ ಹೊತ್ತಿಗೆ ನೆನಪೇ ಆಗಲಿಲ್ಲ. 0.05ಕ್ಕಿಂತ ಕಡಿಮೆ ಬಂದರೆ ಒಪ್ಪುವುದು ರೂಢಿ; ಆ ಗೆರೆ ಅಂದರೆ ಏನೂ ಇಲ್ಲದ ಕಡೆಯೂ ಇಪ್ಪತ್ತರಲ್ಲಿ ಒಂದು ಸಲ ಏನೋ ಇದೆ ಅನ್ನಿಸುತ್ತದೆ. ಜಗತ್ತಿನಲ್ಲಿ ನೂರು ಲ್ಯಾಬು ಹೀಗೆ ಎಣಿಸಿ, ಸಿಕ್ಕವರು ಮಾತ್ರ ಅಚ್ಚು ಹಾಕಿಸಿದರೆ ಓದುವವನ ಕೈಗೆ ಬರುವುದೇನು? ಪೇಪರ್ ಒಳ್ಳೆಯ ಜರ್ನಲ್ಲಿನಲ್ಲೇ ಬಂತು, ಉಲ್ಲೇಖಗಳೂ ಸುರಿದವು. ಬಡ್ತಿಯ ಅರ್ಜಿಯಲ್ಲಿ ಅದನ್ನೇ ಮೊದಲಿಗೆ ಬರೆದೆ. ನಾಲ್ಕು ವರ್ಷದ ನಂತರ ನನ್ನದೇ ವಿದ್ಯಾರ್ಥಿನಿ ಮೂರು ಪಟ್ಟು ಸ್ಯಾಂಪಲ್ ಹಿಡಿದು ಮತ್ತೆ ಮಾಡಿದಳು. ಏನೂ ಇಲ್ಲ. "ಸ್ವಲ್ಪ ದಿನ ಇರಲಿ" ಅಂದೆ. ಸ್ವಲ್ಪ ದಿನ ಅಂದದ್ದು ಎರಡು ವರ್ಷವಾಯಿತು. ಆ ಹುಡುಗಿ ಹಟ ಹಿಡಿಯದಿದ್ದರೆ ಒಂದು ಪುಟದ ಆ ಟಿಪ್ಪಣಿ ಹೊರಗೆ ಬರುತ್ತಲೇ ಇರಲಿಲ್ಲ. ಬಂದದ್ದು ಸಣ್ಣ ಜರ್ನಲ್ಲಿನಲ್ಲಿ, ಇವತ್ತಿಗೆ ಅದಕ್ಕೆ ಏಳು ಉಲ್ಲೇಖ. ಹಳೆಯ ಪೇಪರನ್ನು ಹೋದ ವರ್ಷವೂ ಯಾರೋ ಉಲ್ಲೇಖಿಸಿದ್ದಾರೆ, ಪುಟಸಂಖ್ಯೆ ತಪ್ಪಾಗಿ. ಆ ತಪ್ಪು ಪುಟಸಂಖ್ಯೆಯನ್ನು ಬಹಳ ಹಿಂದೆ ಬೇರೊಬ್ಬರ ಪಟ್ಟಿಯಲ್ಲಿ ಕಂಡಿದ್ದೆ. ಅಂದರೆ ಇವರು ನನ್ನ ಪೇಪರ್ ಓದಿಲ್ಲ, ಅವರ ಪಟ್ಟಿಯಿಂದ ಎತ್ತಿಕೊಂಡಿದ್ದಾರೆ. ಅದೂ ನನ್ನ ಎಚ್-ಇಂಡೆಕ್ಸಿಗೆ ಜಮೆ.

ನಾನೊಬ್ಬಳೇ ಎಡವಿದ್ದಲ್ಲ. 2003ರಲ್ಲಿ 'ಸೈನ್ಸ್'ನಲ್ಲಿ ಬಂದ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಜೀನಿನ ಪೇಪರ್ ನೀನೂ ಕ್ಲಾಸಿನಲ್ಲಿ ಓದಿರುತ್ತೀಯ. ನ್ಯೂಜಿಲೆಂಡಿನ 847 ಜನರ ಅಧ್ಯಯನ: ಆ ಜೀನಿನ ಗಿಡ್ಡ ರೂಪ ಇದ್ದವರು ಬದುಕಿನ ಪೆಟ್ಟುಗಳಿಗೆ ಹೆಚ್ಚು ಖಿನ್ನತೆಗೆ ಜಾರುತ್ತಾರೆ ಅಂತ. ಸಾವಿರಗಟ್ಟಲೆ ಉಲ್ಲೇಖ, ಅದರ ಮೇಲೆ ಒಂದು ಊರು ಕಟ್ಟುವಷ್ಟು ಪೇಪರುಗಳು. 2019ರಲ್ಲಿ ಖಿನ್ನತೆಯ 18 ಪ್ರಸಿದ್ಧ ಕ್ಯಾಂಡಿಡೇಟ್ ಜೀನ್‌ಗಳನ್ನು ಲಕ್ಷಾಂತರ ಜನರ ಮಾಹಿತಿಯಲ್ಲಿ ನೋಡಿದರು. ಬೇರೆ ಯಾವುದೋ ಜೀನನ್ನು ಕಣ್ಣುಮುಚ್ಚಿ ಆರಿಸಿದ್ದರೂ ಅಷ್ಟೇ ಸಿಗುತ್ತಿತ್ತು ಅನ್ನುವ ಮಟ್ಟದ ಫಲಿತಾಂಶ. ಅಂದಹಾಗೆ ಇದನ್ನು ಬಯಲು ಮಾಡಿದ್ದು ನಿನ್ನ ಗೆಳೆಯ ಮಾಡುವಂಥ ಭಾರೀ ಲೆಕ್ಕದ ಕೆಲಸವೇ. ಅವನ 21ನ್ನು ಕಂಡು ಕರುಬಬೇಡ, ಹಗುರವಾಗಿಯೂ ಮಾತಾಡಬೇಡ.

ಮೆಂಡೆಲ್ ಹೆಸರನ್ನು ನೀನು ಎತ್ತುತ್ತೀಯ ಅಂತ ಗೊತ್ತು. ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮ ಕಂಡ ಅವರ ಪೇಪರ್ 1866ರಲ್ಲಿ ಅಚ್ಚಾಯಿತು, 40 ಪ್ರತಿ ತರಿಸಿಕೊಂಡರು, ಯಾರೂ ಕಿವಿಗೊಡಲಿಲ್ಲ, 1884ರಲ್ಲಿ ತೀರಿಕೊಂಡರು, 1900ರಲ್ಲಿ ಲೋಕಕ್ಕೆ ಎಚ್ಚರವಾಯಿತು. ಸರಿ. ಉಲ್ಲೇಖ ಸಿಗದವರಿಗೆಲ್ಲ ತಾವು ಮೆಂಡೆಲ್ ಅನ್ನಿಸುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ, ನನಗೂ ಎರಡು ವರ್ಷ ಇತ್ತು. ಅದಕ್ಕೆ ಔಷಧಿ ಅಂದರೆ ಓದಿದ ನಾಲ್ಕು ಜನ ಏನು ಹೇಳಿದ್ದಾರೆ ಅಂತ ಕೂತು ನೋಡುವುದು.

ಎಣಿಕೆಯನ್ನು ಕಸದ ಬುಟ್ಟಿಗೆ ಹಾಕು ಅಂತಲೂ ನಾನು ಹೇಳುವುದಿಲ್ಲ ಕಣೋ. ಆಯ್ಕೆ ಸಮಿತಿಯಲ್ಲಿ ನಾನೂ ಕೂತಿದ್ದೇನೆ. ಸಂಜೆ ಐದಕ್ಕೆ ಅರವತ್ತನೆಯ ಅರ್ಜಿ ಕೈಗೆ ಬಂದಾಗ ಕಣ್ಣು ತಾನಾಗಿ ಅಂಕಿಗೆ ಹೋಗುತ್ತದೆ. ನೇಮಕಾತಿಯಲ್ಲಿ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಪೇಪರುಗಳಿಗೆ ಸಿಗುವ ಸರಾಸರಿ ಉಲ್ಲೇಖ, ಅಳತೆಗೋಲಾಗಬಾರದು ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಘೋಷಣೆಗೆ ಎಷ್ಟೋ ಸಂಸ್ಥೆಗಳು ಸಹಿ ಹಾಕಿವೆ. ಸಹಿ ಹಾಕಿದ ಕೈಗಳೇ ಸಂಜೆ ಐದಕ್ಕೆ ಏನು ಮಾಡುತ್ತವೆ ಅನ್ನುವುದು ಬೇರೆ ಮಾತು. ಹಾಗಾಗಿ ನಿನ್ನ 9ನ್ನು ಬಚ್ಚಿಡದೆ ಬರೆ. ಅದರ ಜೊತೆಗೆ ಮೂರೇ ಪೇಪರ್ ಆರಿಸಿ, ಪ್ರತಿಯೊಂದನ್ನೂ ಬೇರೆ ಲ್ಯಾಬಿನವರು ಯಾವುದಕ್ಕೆ ಬಳಸಿದ್ದಾರೆ ಅಂತ ಎರಡೆರಡು ಸಾಲು ಬರೆ. ಆ ಎರಡು ಸಾಲು ಬರೆಯಲಿಕ್ಕಾದರೂ ನೀನು ಒಳಗೆ ಹೋಗಿ ಓದಲೇಬೇಕಾಗುತ್ತದೆ. ಸಂಶೋಧಕರನ್ನು ಗುರುತಿಸುವ ಓರ್ಕಿಡ್ (ORCID) ಸಂಖ್ಯೆ ಮಾಡಿಸಿಕೋ, ನಿನ್ನ ಹೆಸರಿನವರು ಬಹಳ ಜನ ಇದ್ದಾರೆ. ಎಣಿಕೆ ಏರಿಸಲು ಒಂದು ಪೇಪರನ್ನು ಮೂರು ತುಂಡು ಮಾಡಬೇಡ. ರಿವ್ಯೂವರ್ ತನ್ನ ಐದು ಪೇಪರ್ ಸೇರಿಸು ಅಂದರೆ ನಿನ್ನ ಕೆಲಸಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಸೇರಿಸಿ, ಉಳಿದದ್ದಕ್ಕೆ ಸಂಪಾದಕರಿಗೆ ವಿನಯದಿಂದ ಕಾರಣ ಬರೆ. ನಾನು ಒಮ್ಮೆ ಐದನ್ನೂ ಸೇರಿಸಿದ್ದೆ, ಅದೂ ಹೇಳಿಬಿಡುತ್ತೇನೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಕಳೆದ ವಾರವೆಲ್ಲ ಕೂತು ನಿನ್ನ ಒಂಬತ್ತರ ಹಿಂದಿನ ವಾಕ್ಯಗಳನ್ನು ಓದಿದೆ. ಹೆಚ್ಚಿನವು ಗುಂಪಿನಲ್ಲಿ ಗೋವಿಂದ: 'ಆಯಸ್ಸಿನ ಮೇಲೆ ಹಲವು ಜೀನ್‌ಗಳ ಪ್ರಭಾವವಿದೆ' ಅಂತ ಬರೆದು ಎಂಟು ಪೇಪರಿನ ಸಾಲಿನಲ್ಲಿ ನಿನ್ನದೊಂದು. ಇವರ್ಯಾರೂ ನಿನ್ನನ್ನು ಹೊಗಳುತ್ತಿಲ್ಲ, ತೆಗಳುತ್ತಲೂ ಇಲ್ಲ. ಕೆಲವರು ನೊಣಗಳ ಸಾವು ಎಣಿಸುವ ನಿನ್ನ ಕ್ರಮವನ್ನು ಹಾಗೇ ಅಳವಡಿಸಿಕೊಂಡಿದ್ದಾರೆ, ಅದು ಒಳ್ಳೆಯ ಗೌರವ. ಆದರೆ ನೀನು ಕೆಂಪು ಗೆರೆ ಹಾಕುವಾಗ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಪೇಪರ್ ಇದೆ, ನಾಲ್ಕೇ ಉಲ್ಲೇಖದ್ದು. ಆ ನಾಲ್ಕರಲ್ಲಿ ಒಂದನ್ನು ಓದಿ ಎದ್ದು ಕೂತೆ. ಒಂದು ಸಣ್ಣ ಗುಂಪು ನಿನ್ನ ಪ್ರಯೋಗವನ್ನು ಎರಡು ತಳಿಯ ನೊಣಗಳಲ್ಲಿ ಮಾಡಿದೆ. ಒಂದರಲ್ಲಿ ನೀನು ಹೇಳಿದ ಹಾಗೇ ಆಯಸ್ಸು ಹೆಚ್ಚಿದೆ. ಇನ್ನೊಂದರಲ್ಲಿ ಏನೂ ಆಗಿಲ್ಲ. ಅವರು ಅದನ್ನು ಅರ್ಧ ವಾಕ್ಯದಲ್ಲಿ, ಕ್ಷಮೆ ಕೇಳುವವರ ಹಾಗೆ ಬರೆದು ಮುಂದೆ ಹೋಗಿದ್ದಾರೆ.

ಸರ್ಟುಯಿನ್ ಜೀನಿನ ಕತೆ ನಿನಗೆ ನಾನು ಹೇಳಬೇಕಿಲ್ಲ. ಅದು ಹೆಚ್ಚಾದರೆ ಹುಳುವಿನದೂ ನೊಣದ್ದೂ ಆಯಸ್ಸು ಬೆಳೆಯುತ್ತದೆ ಅಂತ ವರ್ಷಗಟ್ಟಲೆ ನಂಬಿದ್ದರು. 2011ರಲ್ಲಿ 'ನೇಚರ್'ನಲ್ಲಿ ಬಂದ ಕೆಲಸ, ತಳಿಯ ಹಿನ್ನೆಲೆಯನ್ನು, ಅಂದರೆ ಉಳಿದ ಜೀನ್‌ಗಳನ್ನು, ಸಮ ಮಾಡಿ ನೋಡಿದರೆ ಆ ಪರಿಣಾಮ ಕಾಣುವುದಿಲ್ಲ ಎಂದಿತು. ನಿನ್ನದೂ ಹಾಗೇ ಇರಬಹುದು. ಅಥವಾ ಆ ಎರಡನೆಯ ತಳಿಯಲ್ಲಿ ನಿನ್ನ ಜೀನಿನ ಬಾಯಿ ಮುಚ್ಚಿಸುವ ಇನ್ನೊಂದು ಜೀನ್ ಕೂತಿರಬಹುದು. ಹಾಗಿದ್ದರೆ ಎರಡು ತಳಿಗಳನ್ನು ಕೂಡಿಸಿ ಹುಡುಕಿದರೆ ಸಿಗುತ್ತದೆ. ಯಾವುದು ಅಂತ ನೊಣಗಳೇ ಹೇಳಬೇಕು. ಅವರ ಪೇಪರನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಆರನೆಯ ಪುಟದಲ್ಲಿ ಪೆನ್ಸಿಲ್ ಗುರುತಿದೆ. ಬರೆದವಳು ವಿದ್ಯಾರ್ಥಿನಿ ಇರಬೇಕು. ನಿನ್ನಿಂದ ಕಾಗದ ಬಂದರೆ ಬೈಗುಳ ಅಂತ ಹೆದರಿಯಾಳು, ಹಾಗಾಗಿ ಮೊದಲ ಸಾಲಿನಲ್ಲೇ ಥ್ಯಾಂಕ್ಸ್ ಹೇಳು. ಆ ಎರಡನೆಯ ತಳಿಯ ನೊಣಗಳನ್ನು ಕಳಿಸಿಕೊಡಲು ಸಾಧ್ಯವೇ ಅಂತ ಕೇಳು. ಎರಡು ವರ್ಷ ಕಾಯಬೇಡ, ಈ ವಾರವೇ ಬರೆ.

ಇಂತಿ,
ನಿನ್ನ ಅತ್ತೆ