ಬೂದಿ ಕಲ್ಲಿದ್ದಲಿನಿಂದ ಡೀಸೆಲ್: ಕೇಂದ್ರ ಕಲ್ಲಿದ್ದಲು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಬೆಳೆದದ್ದು ಶಾಖೋತ್ಪನ್ನ ವಿದ್ಯುತ್ ಕೇಂದ್ರವೊಂದರ ಪಕ್ಕದ ಊರಲ್ಲಿ. ಗಾಳಿ ನಮ್ಮ ಕಡೆ ತಿರುಗಿದ ದಿನ ಅಮ್ಮ ಒಣಗಿದ ಬಟ್ಟೆಯನ್ನೇ ಮತ್ತೆ ಜಾಲಿಸುತ್ತಿದ್ದರು. ಕಲ್ಲಿದ್ದಲು ಅಂದರೆ ನನಗೆ ಇವತ್ತಿಗೂ ಬೂದಿಯೇ ನೆನಪಾಗುತ್ತದೆ.

2030ರೊಳಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡುವ ಗುರಿ ನಿಮ್ಮದು. 2024ರ ಜನವರಿಯಲ್ಲಿ ಇದಕ್ಕೆಂದು 8,500 ಕೋಟಿ ರೂಪಾಯಿಗೆ ಸಂಪುಟ ಒಪ್ಪಿಗೆಯೂ ಸಿಕ್ಕಿತು. ಆ ಅನಿಲದಿಂದ ಮೆಥನಾಲ್ ಎಂಬ ದ್ರವ ಇಂಧನ, ಡೀಸೆಲ್ ತೆಗೆಯಬಹುದು. ವಿದ್ಯೆ ಹೊಸದೇನಲ್ಲ. ಜರ್ಮನಿಯಲ್ಲಿ ಫಿಷರ್ ಮತ್ತು ಟ್ರಾಪ್ಶ್ ಎಂಬ ವಿಜ್ಞಾನಿಗಳು 1920ರ ದಶಕದಲ್ಲೇ ದಾರಿ ತೋರಿಸಿದರು. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1955ರಿಂದ ಇದೇ ದಾರಿಯಲ್ಲಿ ಪೆಟ್ರೋಲು, ಡೀಸೆಲ್ ಮಾಡುತ್ತಿದೆ. ಅವರ ಸೆಕುಂಡಾ ಕಾರ್ಖಾನೆ ಬಿಡುವ ಇಂಗಾಲದ ಡೈಆಕ್ಸೈಡ್ ಅಪಾರವೆಂದು ನಿಮಗೆ ನಾನು ಹೇಳಬೇಕಿಲ್ಲ, ಅಲ್ವಾ?

ತೊಡಕಿರುವುದು ನಮ್ಮ ಕಲ್ಲಿದ್ದಲಲ್ಲಿ. ಒಂದು ಕ್ವಿಂಟಲ್ ಸುಟ್ಟರೆ 35–40 ಕೆಜಿ ಬೂದಿಯೇ ಉಳಿಯುತ್ತದೆ. ಇನ್ನೊಂದು ತೊಡಕು: ಅನಿಲವನ್ನು ಎಣ್ಣೆಯಾಗಿಸುವ ಕ್ಯಾಟಲಿಸ್ಟ್, ಅಂದರೆ ಕಬ್ಬಿಣ ಅಥವಾ ಕೋಬಾಲ್ಟಿನ ವೇಗವರ್ಧಕ, ಬಹಳ ನಾಜೂಕು. ನಮ್ಮ ಹೆಚ್ಚಿನ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ನಿಜ. ಆದರೆ ಆ ಚೂರನ್ನೂ ತೆಗೆಯದೆ ಬಿಟ್ಟರೆ ಹಾಲಿಗೆ ಹುಳಿ ಬಿದ್ದ ಹಾಗೆ: ಕ್ಯಾಟಲಿಸ್ಟ್ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಹಾಗಾಗಿ ಅನಿಲ ತೊಳೆಯುವುದಕ್ಕೂ ಸಾಕಷ್ಟು ಖರ್ಚು ಬೀಳುತ್ತದೆ. ಶಂಕುಸ್ಥಾಪನೆಯ ಫೋಟೋದಲ್ಲಿ ಅದು ಕಾಣುವುದಿಲ್ಲ.

ಹೈದರಾಬಾದಿನಲ್ಲಿ ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನವರು 2021ರಲ್ಲಿ ಬೂದಿ ಜಾಸ್ತಿಯಿರುವ ಕಲ್ಲಿದ್ದಲಿನಿಂದಲೇ ದಿನಕ್ಕೆ ಕಾಲು ಟನ್ ಮೆಥನಾಲ್ ಮಾಡುವ ಘಟಕ ನಡೆಸಿ ತೋರಿಸಿದರು. ಖುಷಿಯ ವಿಷಯವೇ. ಆದರೆ ಕಾಲು ಟನ್ನಿಂದ ಸಾವಿರ ಟನ್ನಿಗೆ ಒಂದೇ ಜಿಗಿತದಲ್ಲಿ ಹೋಗಲಾಗದು. ಒಡಿಶಾದ ತಾಲ್ಚೇರ್ ನೆನಪಿದೆ ತಾನೆ? ಕಲ್ಲಿದ್ದಲಿನಿಂದ ಗೊಬ್ಬರ ಮಾಡುತ್ತಿದ್ದ ಅಲ್ಲಿನ ಹಳೆ ಕಾರ್ಖಾನೆಗೆ 1999ರಲ್ಲಿ ಬೀಗ ಬಿತ್ತು.

ನನ್ನ ಕೋರಿಕೆ ಇಷ್ಟೇ. ಸರ್ಕಾರದ ದುಡ್ಡು ಪಡೆದ ಪ್ರತಿ ಕಾರ್ಖಾನೆಯೂ ವರ್ಷಕ್ಕೆ ಎಷ್ಟು ದಿನ ಓಡಿತು, ಕ್ಯಾಟಲಿಸ್ಟ್ ಎಷ್ಟು ತಿಂಗಳು ಬಾಳಿತು, ಒಂದು ಟನ್ ಉತ್ಪನ್ನಕ್ಕೆ ಎಷ್ಟು ನೀರು ಹೋಯಿತು ಅಂತ ಜನರ ಮುಂದಿಡಲಿ. ಮುಂದಿನ ಕಂತು ಆ ಲೆಕ್ಕ ನೋಡಿಯೇ ಬಿಡುಗಡೆಯಾಗಲಿ. ಬೂದಿಯನ್ನು ಎಲ್ಲಿ ಹಾಕಿದರು ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆಸಿ. ಪಕ್ಕದ ಊರಿನವರು ಮೊದಲು ಕೇಳುವುದು ಅದನ್ನೇ.

ಇಂತಿ,
ನಿಮ್ಮ ವಿಶ್ವಾಸಿ