ಲ್ಯಾಕ್ಟೇಟ್ ಗೆರೆ ನಂಬುವ ಮುಂಚೆ

ತೀರ್ಥಹಳ್ಳಿ

ಚಿ. ಮೇಘಾಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಶಿವಮೊಗ್ಗದ ಎಂಆರ್‌ಐ ಕೆಲಸದಲ್ಲಿ ಸ್ಪೆಕ್ಟ್ರೋಸ್ಕೋಪಿಯೂ, ಅಂದರೆ ಅಂಗಾಂಶದಲ್ಲಿನ ರಾಸಾಯನಿಕಗಳನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆಯೂ, ನಿನ್ನ ಪಾಲಿಗೆ ಬಂದಿದೆ ಎಂದು ಬರೆದಿದ್ದೀಯ. ಅದರಲ್ಲಿ ಲ್ಯಾಕ್ಟೇಟ್ (ಕೋಶ ಸಕ್ಕರೆ ಒಡೆದಾಗ ಉಂಟಾಗುವ ವಸ್ತು) ಗೆರೆಯನ್ನು ಹೇಗೆ ನಂಬುವುದು ಅನ್ನುವುದೇ ಈ ಕಾಗದ. ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ವೋಕ್ಸೆಲ್, ಅಂದರೆ ಗೆರೆ ತೆಗೆಯಲು ಆರಿಸುವ ಪುಟ್ಟ ಘನಾಕಾರದ ಜಾಗ, ಅದನ್ನು ಕೂರಿಸುವಾಗ ಕೆಟ್ಟದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ.

ಮಿದುಳಿನ ಗಡ್ಡೆಗೆ 1.5 ಟೆಸ್ಲಾದಲ್ಲಿ 2 ಸೆಂ.ಮೀ. ಘನ, ಅಂದರೆ 8 ಸಿ.ಸಿ. ವೋಕ್ಸೆಲ್ ಇಡು. ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಹೊತ್ತು) 2000 ಮಿಲಿಸೆಕೆಂಡ್, ಆವರೇಜ್ (ಎಷ್ಟು ಸಲ ಅಳೆದು ಸರಾಸರಿ ತೆಗೆಯುವುದು) 128 ಕೊಟ್ಟರೆ ನಾಲ್ಕೂಕಾಲು ನಿಮಿಷದಲ್ಲಿ ಮುಗಿಯುತ್ತದೆ. ಗಡ್ಡೆ ಚಿಕ್ಕದೆಂದು 1.5 ಸೆಂ.ಮೀ.ಗೆ ಇಳಿಸಿದೆಯೋ, 3.4 ಸಿ.ಸಿ. ಮಾತ್ರ ಉಳಿಯುತ್ತದೆ. ಅಷ್ಟೇ ಸ್ಪಷ್ಟ ಗೆರೆ ಬೇಕೆಂದರೆ ಐದೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ಹೊಸನಗರದಿಂದ ಬೆಳಗಿನ ಬಸ್ಸಿಗೆ ಬಂದ ಅಜ್ಜಿ ಅಷ್ಟು ಹೊತ್ತು ಅಲುಗಾಡದೆ ಮಲಗುತ್ತಾಳಾ ಮಾರಾಯ್ತಿ? ಒಳಗೆ ಕಳಿಸುವ ಮುಂಚೆ ಮೂತ್ರಕ್ಕೆ ಹೋಗಿ ಬರಲು ಹೇಳು, ಉಡಿದಾರದ ತಾಯತವನ್ನೂ ಬಿಚ್ಚಿಸು. ಕೇಳಿದರೆ ಮೈಮೇಲೆ ಏನೂ ಇಲ್ಲ ಅಂತಲೇ ಹೇಳುತ್ತಾರೆ.

ಗಡ್ಡೆಯ ಗಟ್ಟಿ ಭಾಗದಲ್ಲೇ ವೋಕ್ಸೆಲ್ ಇರಲಿ. ಕೊಳೆತ ನಡುಭಾಗ, ರಕ್ತ, ಬುರುಡೆ, ಸೈನಸ್ಸಿನ ಗಾಳಿ ಇವುಗಳಿಂದ ದೂರವಿಡು. ಬುರುಡೆಯ ಪಕ್ಕವೇ ಇಡಬೇಕಾಗಿ ಬಂದರೆ ಕೊಬ್ಬಿನ ಮೇಲೆ ಅದರ ಸಿಗ್ನಲ್ ಅಡಗಿಸುವ ಸ್ಯಾಚುರೇಷನ್ ಬ್ಯಾಂಡ್ ಹಾಕು. ಶಿಮ್, ಅಂದರೆ ಕಾಂತಕ್ಷೇತ್ರವನ್ನು ಸಮಮಾಡುವ ಕೆಲಸ, ಆದ ಮೇಲೆ ನೀರಿನ ಗೆರೆಯ ಅಗಲ 0.1 ಪಿಪಿಎಂ (ಗೆರೆಗಳ ಜಾಗ, ಅಗಲ ಹೇಳುವ ಅಳತೆ) ಒಳಗಿರಬೇಕು, 1.5 ಟೆಸ್ಲಾದಲ್ಲಿ ಅದು ಸುಮಾರು 6 ಹರ್ಟ್ಸ್. 3.2 ಪಿಪಿಎಂನ ಕೋಲೀನ್ ಗೆರೆ, 3.0ರ ಕ್ರಿಯಾಟಿನ್ ಗೆರೆ ಒಂದೇ ಗುಡ್ಡವಾಗಿ ಕಂಡರೆ ಮುಂದೆ ಹೋಗಬೇಡ, ಶಿಮ್ ಮತ್ತೆ ಮಾಡು.

ಲ್ಯಾಕ್ಟೇಟ್ ಕೂರುವುದು 1.33 ಪಿಪಿಎಂನಲ್ಲಿ, 7 ಹರ್ಟ್ಸ್ ಅಂತರದ ಎರಡು ಮೊನೆಯಾಗಿ. ಕೊಬ್ಬೂ ಅಲ್ಲೇ ಬಂದು ಗೊಂದಲ ಎಬ್ಬಿಸುತ್ತದೆ. ಟಿಇ, ಅಂದರೆ ಸಿಗ್ನಲ್ ಓದುವ ಮುಂಚೆ ಕಾಯುವ ಹೊತ್ತು, 144 ಮಿಲಿಸೆಕೆಂಡ್ ಇಟ್ಟಾಗ ಲ್ಯಾಕ್ಟೇಟ್ ತಲೆಕೆಳಗಾಗುತ್ತದೆ, ಕೊಬ್ಬು ಆಗುವುದಿಲ್ಲ. 3 ಟೆಸ್ಲಾದಲ್ಲಿ ಮಾತ್ರ 144ನ್ನು ಕಣ್ಣುಮುಚ್ಚಿ ನಂಬಬೇಡ. ಲ್ಯಾಕ್ಟೇಟ್ ಅಣುವಿನ ಎರಡು ಹೈಡ್ರೋಜನ್ ಗುಂಪುಗಳಿಗೆ ವೋಕ್ಸೆಲ್ ಬೇರೆ ಬೇರೆ ಜಾಗಕ್ಕೆ ಸರಿದುಬಿಡುವುದರಿಂದ ಗೆರೆ ಅಲ್ಲಿ ಕುಗ್ಗುತ್ತದೆ. 288ರಲ್ಲೂ ಒಮ್ಮೆ ತೆಗೆ, ಅಲ್ಲಿ ನೆಟ್ಟಗೆ ನಿಲ್ಲುತ್ತದೆ.

ಆಮ್ಲಜನಕ ಇದ್ದರೂ ಕ್ಯಾನ್ಸರ್ ಕೋಶ ಸಕ್ಕರೆಯನ್ನು ಲ್ಯಾಕ್ಟೇಟ್ ಮಾಡುತ್ತದೆಂದು ಜರ್ಮನ್ ವಿಜ್ಞಾನಿ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ. ಹಾಗಂತ ಲ್ಯಾಕ್ಟೇಟ್ ಕಂಡಲ್ಲೆಲ್ಲ ಕ್ಯಾನ್ಸರ್ ಅನ್ನಬೇಡ. ಪಾರ್ಶ್ವವಾಯುವಿನಲ್ಲೂ ಕೀವುಗಡ್ಡೆಯಲ್ಲೂ ಅದು ಏರುತ್ತದೆ. 144ರಲ್ಲಿ 0.9ರ ಬಳಿಯೂ ತಲೆಕೆಳಗಾದ ಗೆರೆ ಬಂದರೆ ಅವು ಅಮೈನೋ ಆಮ್ಲಗಳು, ಕೀವಿನ ಸುಳಿವು. ಕ್ಷಯದ ಗಂಟಿನಲ್ಲಿ ಹೆಚ್ಚಾಗಿ ಕಾಣುವುದು ಕೊಬ್ಬಿನ ಗೆರೆ.

ಎಲೆಅಡಿಕೆ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಆದವರಿಗೂ ಇದನ್ನೇ ಮಾಡಿ ಎಂದು ಮನೆಯವರು ಒತ್ತಾಯಿಸಬಹುದು. ಬಾಯಲ್ಲಿ ಗಾಳಿ, ಹಲ್ಲಿನ ಲೋಹ, ಮೇಲಿಂದ ಉಗುಳು ನುಂಗುವ ಅಲುಗಾಟ. ಗೆರೆ ಬರುವುದೇ ಕಷ್ಟ.

ಹೈಪರ್‌ಪೋಲರೈಸ್ಡ್ ಪೈರುವೇಟ್ ಬಗ್ಗೆ ನೀನು ಕೇಳಿದ್ದೆ. ಲ್ಯಾಕ್ಟೇಟ್ ಆಗುವ ಮುಂಚಿನ ವಸ್ತುವಾದ ಪೈರುವೇಟಿನ ಸಿಗ್ನಲ್ ಹೆಚ್ಚಿಸಿ ಮೈಗೆ ಚುಚ್ಚುವ ವಿಧಾನ ಅದು. ಕಾರ್ಬನ್-13 ಇರುವ ಪೈರುವಿಕ್ ಆಮ್ಲವನ್ನು ಸುಮಾರು 1 ಕೆಲ್ವಿನ್‌ಗೆ ತಣಿಸಿ, ಮೈಕ್ರೋವೇವ್ ಹಾಯಿಸಿ, ಬಿಸಿನೀರಲ್ಲಿ ಕರಗಿಸುತ್ತಾರೆ. ಸಿಗ್ನಲ್ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚಾದರೂ ಅದರ ಟಿ1, ಅಂದರೆ ಆ ಸಿಗ್ನಲ್ ಇಳಿದುಹೋಗುವ ಹೊತ್ತು, ಒಂದೇ ನಿಮಿಷದಷ್ಟು. ಅದಕ್ಕೇ ತಡಮಾಡದೆ ರಾಡಿಕಲ್ (ಸಿಗ್ನಲ್ ಹೆಚ್ಚಿಸಲು ಬೆರೆಸಿದ ವಸ್ತು) ಸೋಸಿ, ಪಿಎಚ್ ನೋಡಿ, ಚುಚ್ಚಿ, ಚಿತ್ರ ತೆಗೆಯಬೇಕು. ಪೈರುವೇಟ್ ಎಷ್ಟು ಬೇಗ ಲ್ಯಾಕ್ಟೇಟ್ ಆಗುತ್ತದೆ ಅನ್ನುವುದನ್ನೇ ಅದು ಅಳೆಯುವುದು. ಮನುಷ್ಯರ ಮೇಲಿನ ಮೊದಲ ಅಧ್ಯಯನ ಪ್ರಾಸ್ಟೇಟ್ ಕ್ಯಾನ್ಸರಿನದು, 2013ರಲ್ಲಿ ಪ್ರಕಟವಾಯಿತು. ನಿನ್ನ ಯಂತ್ರಕ್ಕೆ ಕಾರ್ಬನ್ ಕಾಯಿಲ್, ಅದರ ಆವರ್ತನದ ಟ್ರಾನ್ಸ್‌ಮಿಟರ್ ಇಲ್ಲದೆ ಇದು ಆಗದು. ಸದ್ಯ ಪ್ರೋಟಾನನ್ನೇ, ಅಂದರೆ ಮೇಲೆ ಹೇಳಿದ ಹೈಡ್ರೋಜನ್ ಗೆರೆಗಳನ್ನೇ, ಚೆನ್ನಾಗಿ ಕಲಿ.

ರಿಪೋರ್ಟಿಗೆ ಕಳಿಸುವಾಗ ಬರೀ ಗೆರೆಗಳ ಅನುಪಾತ ಬರೆದು ಕೊಡಬೇಡ. ಎರಡೂ ಟಿಇ ಗೆರೆಗಳು, ಮೂರು ದಿಕ್ಕಿನಿಂದ ವೋಕ್ಸೆಲ್ ಕಾಣುವ ಚಿತ್ರ, ನೀರಿನ ಗೆರೆಯ ಅಗಲ ಎಲ್ಲ ಜೊತೆಗಿರಲಿ.

ಇಂತಿ,
ಚಿಕ್ಕಪ್ಪ